ವಿದೇಶಕ್ಕೆ ಹೊರಟಾಗ ನಿಮ್ಮದೇ ಫೋನ್: ನಂಬರ್‌ಗೆ ಒಂದು ದಾರಿ, ಡೇಟಾಗೆ ಇನ್ನೊಂದು

ಹೊರದೇಶದಲ್ಲೊಂದು ರಾತ್ರಿ, ಮರುದಿನ ಬೆಳಗಿನ ರೈಲಿಗೆ ಟಿಕೆಟ್ ಮಾಡಿಸುತ್ತಿದ್ದೆ. ಕಾರ್ಡಿನ ವಿವರವೆಲ್ಲ ತುಂಬಿದ ಮೇಲೆ ಬ್ಯಾಂಕಿನ ಪುಟ 'ನಿಮ್ಮ ಮೊಬೈಲಿಗೆ ಒಟಿಪಿ ಕಳಿಸಿದ್ದೇವೆ' ಎಂದಿತು. ಆ ಮೊಬೈಲ್ ನಂಬರಿನ ಸಿಮ್ ಸೂಟ್‌ಕೇಸಿನ ಒಳಜೇಬಿನಲ್ಲಿ, ಕಾಗದದಲ್ಲಿ ಸುತ್ತಿಟ್ಟಂತೆ ಇತ್ತು. ವಿಮಾನ ನಿಲ್ದಾಣದಲ್ಲಿ ಅಲ್ಲಿನ ಸಿಮ್ ಕೊಂಡು, ನನ್ನದನ್ನು ತೆಗೆದಿಟ್ಟಿದ್ದೆ. ಹುಡುಕಿ ಮತ್ತೆ ಹಾಕಿದೆ. ನೆಟ್‌ವರ್ಕ್ ಬರಲಿಲ್ಲ. ಆ ನಂಬರಿಗೆ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿರಲೇ ಇಲ್ಲ. ಮಾಡಿಸೋಣವೆಂದು ಕಂಪನಿಯ ಆ್ಯಪ್ ತೆರೆದರೆ, ಅದು ಒಳಗೆ ಬಿಡಲು ಅದೇ ನಂಬರಿಗೆ ಒಟಿಪಿ ಕಳಿಸುತ್ತೇನೆ ಎಂದಿತು. ಹಣ ಖಾತೆಯಲ್ಲಿತ್ತು, ಕಾರ್ಡ್ ಕೈಯಲ್ಲಿತ್ತು, ಆದರೂ ಆ ರಾತ್ರಿ ಟಿಕೆಟ್ ಸಿಗಲಿಲ್ಲ.

ಅಂದಿನಿಂದ ಪ್ರಯಾಣಕ್ಕೆ ಹೊರಡುವ ಯಾರೇ ಕೇಳಲಿ, ನಾನು ಮೊದಲು ಹೇಳುವುದು ಒಂದೇ ಮಾತು. ನಿಮ್ಮ ನಂಬರ್ ಬೇರೆ, ನೀವು ಬಳಸುವ ಇಂಟರ್ನೆಟ್ ಬೇರೆ. ನಂಬರ್ ಎಂದರೆ ನಿಮ್ಮ ಗುರುತು. ಬ್ಯಾಂಕು, ಇಮೇಲು, ಮನೆಯವರು ಎಲ್ಲರೂ ನಿಮ್ಮನ್ನು ಹುಡುಕುವುದು ಅದರ ಮೂಲಕ, ಅದನ್ನು ಬದಲಿಸಲಾಗದು. ಇಂಟರ್ನೆಟ್ ಹಾಗಲ್ಲ, ಯಾವ ಕಂಪನಿಯ ಟವರಿನಿಂದ ಬಂದರೂ ನಡೆಯುತ್ತದೆ. ಮೊದಲನೆಯದನ್ನು ಮನೆಯ ಸಿಮ್‌ನಲ್ಲೇ ಜೀವಂತವಾಗಿ ಇಟ್ಟುಕೊಂಡು, ಎರಡನೆಯದನ್ನು ಅಗ್ಗವಾಗಿ ಸಿಗುವ ಕಡೆಯಿಂದ ತರಿಸಿಕೊಂಡರೆ ಅರ್ಧ ತೊಂದರೆ ತಪ್ಪಿತು. ಇದಕ್ಕೆ ಬೇಕಾದ ತಯಾರಿಯಲ್ಲಿ ಬಹುಪಾಲು ಹೊರಡುವ ಮುಂಚೆಯೇ ಆಗಬೇಕು.

ಹೆಜ್ಜೆ 1: ನಿಮ್ಮ ಫೋನ್ ಅಲ್ಲಿ ಕೆಲಸ ಮಾಡುತ್ತದೆಯೇ?

ಇದು ಹೊರಡುವ ಒಂದು ತಿಂಗಳ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ. ಮೂರು ವಿಷಯ ನೋಡಿ.

ಮೊದಲನೆಯದು ಲಾಕ್. ಕಂತಿನ ಮೇಲೆ ಅಥವಾ ಮೊಬೈಲ್ ಕಂಪನಿಯ ಯೋಜನೆಯ ಜೊತೆಗೆ ಕೊಂಡ ಫೋನುಗಳು ಕೆಲವೊಮ್ಮೆ ಆ ಕಂಪನಿಗೇ ಲಾಕ್ ಆಗಿರುತ್ತವೆ, ಬೇರೆ ಸಿಮ್ ಹಾಕಿದರೆ ಒಪ್ಪುವುದಿಲ್ಲ. ಪರೀಕ್ಷೆ ಸುಲಭ: ಬೇರೆ ಕಂಪನಿಯ ಸಿಮ್ ಇರುವ ಗೆಳೆಯರಿಂದ ಎರಡು ನಿಮಿಷಕ್ಕೆ ಅದನ್ನು ಪಡೆದು ಹಾಕಿ ನೋಡಿ. ಐಫೋನ್ ಆಗಿದ್ದರೆ ಸೆಟ್ಟಿಂಗ್ಸ್‌ನ 'ಅಬೌಟ್' ಪುಟದಲ್ಲೇ ಸಿಮ್ ನಿರ್ಬಂಧ ಇದೆಯೋ ಇಲ್ಲವೋ ಬರೆದಿರುತ್ತದೆ.

ಎರಡನೆಯದು ಬ್ಯಾಂಡ್, ಅಂದರೆ ಟವರ್ ಮತ್ತು ಫೋನ್ ಮಾತಾಡುವ ತರಂಗಾಂತರ. ಯುರೋಪಿನಲ್ಲೂ ಏಷ್ಯಾದ ಬಹುತೇಕ ಕಡೆಯೂ 2ಜಿ ನಡೆದದ್ದು 900 ಮತ್ತು 1800 ಮೆಗಾಹರ್ಟ್ಸ್‌ನಲ್ಲಿ, ಅಮೆರಿಕ ಖಂಡಗಳಲ್ಲಿ ಹೆಚ್ಚಾಗಿ 850 ಮತ್ತು 1900ರಲ್ಲಿ. 4ಜಿ ಬಂದ ಮೇಲೆ ಪಟ್ಟಿ ಉದ್ದವಾಯಿತು. ಯುರೋಪಿನಲ್ಲಿ ಬ್ಯಾಂಡ್ 3 ಮತ್ತು 20, ಅಮೆರಿಕದಲ್ಲಿ 12, 13, 71 ಮುಖ್ಯವಾದವು. ಈಚಿನ ದುಬಾರಿ ಫೋನುಗಳಲ್ಲಿ ಇವೆಲ್ಲ ಸಾಮಾನ್ಯವಾಗಿ ಇರುತ್ತವೆ. ಅಗ್ಗದ ಫೋನುಗಳನ್ನು ಒಂದೊಂದು ಮಾರುಕಟ್ಟೆಗೆಂದೇ ಮಾಡಿರುತ್ತಾರೆ. ಮಾದರಿಯ ಪೂರ್ತಿ ಹೆಸರು ಹಾಕಿ ತಯಾರಕರ ಪುಟದಲ್ಲಿ ಬ್ಯಾಂಡ್ ಪಟ್ಟಿ ನೋಡಿ, ಹೋಗುವ ದೇಶದ ಕಂಪನಿಗಳ ಬ್ಯಾಂಡಿನ ಜೊತೆ ತಾಳೆ ಹಾಕಿ.

ಮೂರನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ, ಅದಕ್ಕೇ ಇದನ್ನು ಒತ್ತಿ ಹೇಳುತ್ತೇನೆ. ಇಂಟರ್ನೆಟ್ ಚೆನ್ನಾಗಿ ಬರುತ್ತಿದೆ, ಆದರೆ ಮಾಮೂಲಿ ಕರೆ ಮಾತ್ರ ಹೋಗುತ್ತಿಲ್ಲ ಎಂಬ ದೂರು ನೀವೂ ಕೇಳಿರಬಹುದು. ಕಾರಣ ವೋಲ್ಟೆ, ಅಂದರೆ ಕರೆಯನ್ನೂ 4ಜಿ ಮೇಲೆಯೇ ಕಳಿಸುವ ವ್ಯವಸ್ಥೆ. ಹಿಂದೆ ಡೇಟಾ 4ಜಿಯಲ್ಲಿದ್ದರೂ ಕರೆ ಬಂದಾಗ ಫೋನ್ ಮೆಲ್ಲಗೆ 3ಜಿಗೋ 2ಜಿಗೋ ಇಳಿಯುತ್ತಿತ್ತು. ಈಗ ಇಳಿಯಲು ಆ ಮೆಟ್ಟಿಲುಗಳೇ ಹಲವು ಕಡೆ ಇಲ್ಲ. ಅಮೆರಿಕದ ಮೂರು ದೊಡ್ಡ ಕಂಪನಿಗಳೂ 2022ರಲ್ಲಿ 3ಜಿ ಮುಚ್ಚಿದವು. ಸಿಂಗಪುರ 2017ರಲ್ಲೇ 2ಜಿ ನಿಲ್ಲಿಸಿತು. ಆಸ್ಟ್ರೇಲಿಯಾದಲ್ಲಿ ಉಳಿದಿದ್ದ 3ಜಿ 2024ರ ಅಕ್ಟೋಬರ್ ಕೊನೆಯಲ್ಲಿ ಕಣ್ಣುಮುಚ್ಚತೊಡಗಿತು. ಇಂಥ ಕಡೆ ಕರೆಯೂ 4ಜಿ ಮೇಲೆಯೇ ಹೋಗಬೇಕು. ಅದಕ್ಕೆ ನಿಮ್ಮ ಫೋನಿನಲ್ಲಿ ವೋಲ್ಟೆ ಇರಬೇಕು, ಜೊತೆಗೆ ನಿಮ್ಮ ಕಂಪನಿಗೂ ಅಲ್ಲಿನ ಕಂಪನಿಗೂ ವೋಲ್ಟೆ ರೋಮಿಂಗ್ ಒಪ್ಪಂದವೂ ಇರಬೇಕು. ಗ್ರಾಹಕ ಸೇವೆಗೆ ಕರೆ ಮಾಡಿ ದೇಶದ ಹೆಸರು ಹೇಳಿ, 'ಅಲ್ಲಿ ವೋಲ್ಟೆ ರೋಮಿಂಗ್ ಇದೆಯೇ?' ಎಂದು ಇದೇ ಪದಗಳಲ್ಲಿ ಕೇಳಿ. 'ರೋಮಿಂಗ್ ಇದೆಯೇ?' ಎಂದಷ್ಟೇ ಕೇಳಿದರೆ 'ಇದೆ' ಎಂಬ ಉತ್ತರ ಬರುತ್ತದೆ, ಅದು ಸಾಲದು.

ಹೆಜ್ಜೆ 2: ಮನೆಯ ನಂಬರ್ ಕಣ್ಣುಮುಚ್ಚದಂತೆ ನೋಡಿಕೊಳ್ಳಿ

ರೋಮಿಂಗ್ ಸೇವೆಯನ್ನು ಊರಿನಲ್ಲಿರುವಾಗಲೇ ಚಾಲೂ ಮಾಡಿಸಿ. ದೊಡ್ಡ ಪ್ಯಾಕ್ ಬೇಕೆಂದೇನಿಲ್ಲ. ಬಹಳಷ್ಟು ಕಂಪನಿಗಳಲ್ಲಿ ರೋಮಿಂಗ್‌ನಲ್ಲಿ ಬರುವ ಎಸ್ಸೆಮ್ಮೆಸ್‌ಗೆ ಹಣವಿಲ್ಲ. ಹಣ ಬೀಳುವುದು ಕರೆಗೆ, ಕಳಿಸುವ ಸಂದೇಶಕ್ಕೆ ಮತ್ತು ಡೇಟಾಗೆ. ಹಾಗಾಗಿ ಒಟಿಪಿಗೆಂದೇ ನಂಬರ್ ಇಟ್ಟುಕೊಳ್ಳುವವರು ಕೇಳಬೇಕಾದದ್ದು ಎರಡು ಪ್ರಶ್ನೆ: ಪ್ಯಾಕ್ ಇಲ್ಲದೆಯೂ ಸಂದೇಶ ಬರುತ್ತದೆಯೇ, ಬಂದರೆ ಅದಕ್ಕೆಷ್ಟು?

ಪ್ರೀಪೇಯ್ಡ್ ಆಗಿದ್ದರೆ ವ್ಯಾಲಿಡಿಟಿ ನೋಡಿ. ಮರಳುವ ದಿನಕ್ಕಿಂತ ಕನಿಷ್ಠ ಒಂದು ತಿಂಗಳು ಮುಂದಕ್ಕಿರಲಿ. ಪ್ರಯಾಣ ಉದ್ದವಾಗಬಹುದು, ಕಾಯಿಲೆ ಬೀಳಬಹುದು, ವಿಮಾನ ರದ್ದಾಗಬಹುದು. ಬಹಳ ದಿನ ರೀಚಾರ್ಜ್ ಕಾಣದ ನಂಬರನ್ನು ಕಂಪನಿಗಳು ಹಿಂಪಡೆದು ಬೇರೆಯವರಿಗೆ ಕೊಡುತ್ತವೆ. ಆಮೇಲೆ ನಿಮ್ಮ ಒಟಿಪಿ ಅಪರಿಚಿತರ ಕೈಗೆ ಹೋಗುತ್ತದೆ.

ಇನ್ನೊಂದು ಹಳೆಯ ಬಲೆ ಕಾಲ್ ಫಾರ್ವರ್ಡ್. ನೀವು ಎತ್ತದ ಕರೆ ವಾಯ್ಸ್‌ಮೇಲ್‌ಗೆ ಹೋಗುವಂತೆ ಇದೆ ಎಂದಿಟ್ಟುಕೊಳ್ಳಿ. ಹೊರದೇಶದಲ್ಲಿ ನೀವು ಮಲಗಿರುವಾಗ ಕರೆ ಬರುತ್ತದೆ. ಅದು ಮೊದಲು ಗಡಿ ದಾಟಿ ನಿಮ್ಮ ಫೋನಿಗೆ ಬರುತ್ತದೆ, ನೀವು ಎತ್ತದಿದ್ದಾಗ ಮತ್ತೆ ಗಡಿ ದಾಟಿ ಊರಿನ ವಾಯ್ಸ್‌ಮೇಲ್‌ಗೆ ಮರಳುತ್ತದೆ. ಒಂದು ಮಾತೂ ಆಡದೆ ಎರಡು ಅಂತರರಾಷ್ಟ್ರೀಯ ಕರೆಗಳ ಹಣ ನಿಮ್ಮ ಲೆಕ್ಕಕ್ಕೆ ಬೀಳಬಹುದು. ಹೊರಡುವ ಮುಂಚೆ ##002# ಒತ್ತಿ ಕರೆ ಮಾಡಿದರೆ ಎಲ್ಲ ಬಗೆಯ ಫಾರ್ವರ್ಡ್ ರದ್ದಾಗುತ್ತದೆ.

ಒಟಿಪಿಯನ್ನೇ ನಂಬಿ ಕೂರಬೇಡಿ. ರೋಮಿಂಗ್‌ನಲ್ಲಿ ಎಸ್ಸೆಮ್ಮೆಸ್ ಕೆಲವೊಮ್ಮೆ ಹತ್ತು ನಿಮಿಷ ತಡವಾಗಿ ಬರುತ್ತದೆ, ಅಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಇಮೇಲ್ ಮತ್ತು ಮುಖ್ಯ ಖಾತೆಗಳಿಗೆ ಅಥೆಂಟಿಕೇಟರ್ ಆ್ಯಪ್ ಜೋಡಿಸಿಟ್ಟುಕೊಳ್ಳಿ. ಅದು ಪ್ರತಿ 30 ಸೆಕೆಂಡಿಗೊಮ್ಮೆ ಹೊಸ ಸಂಖ್ಯೆಯನ್ನು ಫೋನಿನೊಳಗೇ ಲೆಕ್ಕ ಹಾಕಿ ತೋರಿಸುತ್ತದೆ. ಸಿಗ್ನಲ್ ಬೇಡ, ಇಂಟರ್ನೆಟ್ ಬೇಡ. ಗಡಿಯಾರ ಸರಿಯಾಗಿರಬೇಕು, ಅಷ್ಟೆ. ಸಮಯವನ್ನು ಕೈಯಿಂದ ತಿದ್ದಬೇಡಿ, ತಾನಾಗಿ ಹೊಂದಿಕೊಳ್ಳಲು ಬಿಡಿ. ಆ ಖಾತೆಗಳು ಕೊಡುವ ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟಿನ ಜೊತೆಗಲ್ಲದೆ ಬೇರೆ ಚೀಲದಲ್ಲಿಡಿ. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವ್ಯವಹಾರಕ್ಕೆ ಅನುಮತಿ ಕೊಡುವ ಗುಂಡಿ ಇದ್ದರೆ ಅದನ್ನೂ ಈಗಲೇ ಒತ್ತಿಡಿ.

ಸಿಮ್‌ಗೆ ಪಿನ್ ಹಾಕಿ. ಫೋನಿನ ಪರದೆಗೆ ಹಾಕುವ ಲಾಕ್ ಬೇರೆ, ಇದು ಬೇರೆ. ಫೋನ್ ಕದ್ದವನು ಸಿಮ್ ತೆಗೆದು ತನ್ನ ಫೋನಿಗೆ ಹಾಕಿಕೊಂಡರೆ ನಿಮ್ಮ ಒಟಿಪಿಗಳೆಲ್ಲ ಅವನಿಗೆ ಬರತೊಡಗುತ್ತವೆ. ಪಿನ್ ಇದ್ದರೆ ಬರುವುದಿಲ್ಲ. ಆದರೆ ಊಹಿಸಿ ಒತ್ತಬೇಡಿ. ಮೊದಲು ಕಂಪನಿ ಕೊಟ್ಟಿರುವ ಆರಂಭದ ಪಿನ್ ತಿಳಿದುಕೊಳ್ಳಿ, ಪಿನ್ ತಪ್ಪಿ ಲಾಕ್ ಆದ ಸಿಮ್ ತೆರೆಯುವ 8 ಅಂಕಿಯ ಪಿಯುಕೆ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಮೂರು ಸಲ ತಪ್ಪು ಪಿನ್ ಒತ್ತಿದರೆ ಸಿಮ್ ಪಿಯುಕೆ ಕೇಳುತ್ತದೆ. ಹತ್ತು ಸಲ ತಪ್ಪು ಪಿಯುಕೆ ಒತ್ತಿದರೆ ಆ ಸಿಮ್ ಶಾಶ್ವತವಾಗಿ ಹೋದಂತೆ.

ಹೆಜ್ಜೆ 3: ಡೇಟಾ ಎಲ್ಲಿಂದ ತರಿಸುವುದು?

ದಾರಿ ಮೂರು: ಮನೆಯ ಕಂಪನಿಯ ರೋಮಿಂಗ್ ಪ್ಯಾಕ್, ಅಲ್ಲಿನ ಪ್ಲಾಸ್ಟಿಕ್ ಸಿಮ್, ಪ್ರವಾಸಿಗರಿಗೆಂದೇ ಮಾರುವ ಇ-ಸಿಮ್.

ಎರಡು ಮೂರು ದಿನದ ಕೆಲಸದ ಪ್ರಯಾಣಕ್ಕೆ ರೋಮಿಂಗ್ ಪ್ಯಾಕ್ ಸಾಕು. ದುಬಾರಿಯಾದರೂ ತಲೆನೋವು ಕಡಿಮೆ. ಆದರೆ ಪ್ಯಾಕ್‌ನ ದಿನ ಎಂದರೆ ಏನು ಎಂದು ಓದಿ ನೋಡಿ. ಕೆಲವು ಕಂಪನಿಗಳು ಮೊದಲ ಬಳಕೆಯಿಂದ 24 ಗಂಟೆ ಎಣಿಸುತ್ತವೆ. ಕೆಲವು ಊರಿನ ಗಡಿಯಾರದ ಮಧ್ಯರಾತ್ರಿಗೆ ದಿನ ಮುಗಿಸುತ್ತವೆ. ಎರಡನೆಯ ಬಗೆಯಲ್ಲಿ ನೀವು ಸಂಜೆ ಇಳಿದು ಒಂದು ಸಂದೇಶ ನೋಡುವಷ್ಟರಲ್ಲಿ ಒಂದು ದಿನ ಕಳೆದುಹೋಗಬಹುದು. ವಿಮಾನ ಬದಲಿಸುವ ನಡುವಿನ ದೇಶ ಪ್ಯಾಕ್‌ನಲ್ಲಿ ಸೇರಿದೆಯೇ ಎಂಬುದನ್ನೂ ನೋಡಿ. ಮೂರು ಗಂಟೆ ಅಲ್ಲಿ ಕಾಯುವಾಗ ಫೋನ್ ತಾನಾಗಿ ಆ ದೇಶದ ನೆಟ್‌ವರ್ಕ್ ಹಿಡಿದಿರುತ್ತದೆ, ಪ್ಯಾಕ್ ಇಲ್ಲದ ಕಡೆ ದರ ಬೇರೆಯೇ.

ರೋಮಿಂಗ್‌ಗೆ ಒಂದು ವಿಶೇಷ ಗುಣವಿದೆ. ನಿಮ್ಮ ಡೇಟಾ ಅಲ್ಲಿನ ಟವರ್ ಹತ್ತಿದರೂ ಸಾಮಾನ್ಯವಾಗಿ ಮೊದಲು ನಿಮ್ಮ ಕಂಪನಿಯ ಜಾಲಕ್ಕೆ ಮರಳಿ, ಅಲ್ಲಿಂದ ಇಂಟರ್ನೆಟ್‌ಗೆ ಇಳಿಯುತ್ತದೆ. ಸುತ್ತು ದಾರಿಯಾದ್ದರಿಂದ ಸ್ವಲ್ಪ ನಿಧಾನ. ಆದರೆ ಜಾಲತಾಣಗಳಿಗೆ ನೀವು ಊರಿನಲ್ಲೇ ಇರುವಂತೆ ಕಾಣುತ್ತೀರಿ. ಚೀನಾದ ಸ್ಥಳೀಯ ಸಿಮ್‌ನಲ್ಲಿ ಗೂಗಲ್, ವಾಟ್ಸ್‌ಆ್ಯಪ್ ತೆರೆಯುವುದಿಲ್ಲ, ಅದೇ ಊರಿನಲ್ಲಿ ಹೊರಗಿನ ಸಿಮ್ ರೋಮಿಂಗ್‌ನಲ್ಲಿದ್ದರೆ ಸಾಮಾನ್ಯವಾಗಿ ತೆರೆಯುತ್ತವೆ. ಹಾಗೆ ಆಗಲು ಕಾರಣ ಈ ಸುತ್ತು ದಾರಿಯೇ. ಹೊರದೇಶದ ವಿಳಾಸ ಕಂಡರೆ ಬಾಗಿಲು ಹಾಕಿಕೊಳ್ಳುವ ಬ್ಯಾಂಕ್ ಆ್ಯಪ್‌ಗಳಿಗೂ ಇದು ಉಪಾಯ: ಎರಡು ನಿಮಿಷಕ್ಕೆ ಮನೆಯ ಸಿಮ್‌ನ ಡೇಟಾ ಹಾಕಿ, ಕೆಲಸ ಮುಗಿಸಿ, ಆರಿಸಿ. ಆ ಎರಡು ನಿಮಿಷಕ್ಕೂ ಪ್ಯಾಕ್ ಇರಬೇಕು ಎಂಬುದನ್ನು ಮರೆಯಬೇಡಿ.

ತಿಂಗಳುಗಟ್ಟಲೆ ಇರುವವರಿಗೆ ಸ್ಥಳೀಯ ಸಿಮ್ಮೇ ಒಳ್ಳೆಯದು. ಅಲ್ಲಿನ ನಂಬರ್ ಇದ್ದರೆ ಮನೆ ಬಾಡಿಗೆಗೆ ಹಿಡಿಯಲು, ಟ್ಯಾಕ್ಸಿ ಕರೆಸಲು ಅನುಕೂಲ. ಬಹಳಷ್ಟು ದೇಶಗಳಲ್ಲಿ ಕೊಳ್ಳಲು ಪಾಸ್‌ಪೋರ್ಟ್ ತೋರಿಸಬೇಕು. ಕೆಲವು ದೇಶಗಳಲ್ಲಿ ಫೋನನ್ನೂ ನೋಂದಾಯಿಸಬೇಕು: ಟರ್ಕಿಯಲ್ಲಿ ಹೊರಗಿನಿಂದ ತಂದ ಫೋನಿಗೆ ಅಲ್ಲಿನ ಸಿಮ್ ಹಾಕಿದರೆ 120 ದಿನ ನಡೆಯುತ್ತದೆ, ಆಮೇಲೆ ತೆರಿಗೆ ಕಟ್ಟಿ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ನೋಂದಾಯಿಸದಿದ್ದರೆ ನಿಲ್ಲುತ್ತದೆ. ಐರೋಪ್ಯ ಒಕ್ಕೂಟದೊಳಗೆ ಹಲವು ದೇಶ ಸುತ್ತುವವರಿಗೆ ಒಂದು ಅನುಕೂಲವಿದೆ. 2017ರ ಜೂನ್ 15ರಿಂದ ಒಕ್ಕೂಟದ ಒಂದು ದೇಶದ ಸಿಮ್ ಉಳಿದ ದೇಶಗಳಲ್ಲೂ ಹೆಚ್ಚುವರಿ ರೋಮಿಂಗ್ ದರವಿಲ್ಲದೆ ನಡೆಯುತ್ತದೆ. ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಈ ವ್ಯವಸ್ಥೆಯಲ್ಲಿವೆ. ಸ್ವಿಟ್ಜರ್‌ಲ್ಯಾಂಡ್ ಇಲ್ಲ. ಬ್ರಿಟನ್ ಒಕ್ಕೂಟ ಬಿಟ್ಟ ಮೇಲೆ ಅದೂ ಇಲ್ಲ. ಡೇಟಾಗೆ ಮಿತಿ ಇರುತ್ತದೆ, ಕೊಳ್ಳುವಾಗಲೇ ಕೇಳಿ.

ಒಂದು ವಾರದಿಂದ ಒಂದು ತಿಂಗಳವರೆಗಿನ ಪ್ರವಾಸಕ್ಕೆ ನನ್ನ ಆಯ್ಕೆ ಇ-ಸಿಮ್. ಇದು ಫೋನಿನೊಳಗೇ ಕೂತಿರುವ ಚಿಪ್. ಕಂಪನಿ ಕಳಿಸುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅದರೊಳಗೆ ಒಂದು ಸಂಪರ್ಕ ಇಳಿಯುತ್ತದೆ. ನಿಮ್ಮ ಫೋನಿನಲ್ಲಿ ಇದೆಯೇ ಎಂದು ತಿಳಿಯಲು *#06# ಒತ್ತಿ. 15 ಅಂಕಿಯ ಐಎಂಇಐ ಜೊತೆಗೆ 32 ಅಂಕಿಯ ಇಐಡಿ ಎಂಬುದೂ ಕಂಡರೆ ಇ-ಸಿಮ್ ಇದೆ ಎಂದರ್ಥ.

ಹಾಗೆಂದು ಮನೆಯ ನಂಬರನ್ನು ಇ-ಸಿಮ್ ಮಾಡಿಕೊಂಡು ಹೊರಡಬೇಡಿ. ಫೋನಿನಲ್ಲಿ ಸಿಮ್ ಜಾಗ ಇರುವವರೆಗೆ ಮನೆಯ ನಂಬರ್ ಪ್ಲಾಸ್ಟಿಕ್‌ನಲ್ಲಿರಲಿ, ಪ್ರವಾಸದ ಡೇಟಾ ಇ-ಸಿಮ್‌ನಲ್ಲಿರಲಿ. ಫೋನ್ ಬಿದ್ದು ಪರದೆ ಒಡೆದರೆ ಪ್ಲಾಸ್ಟಿಕ್ ಸಿಮ್ ತೆಗೆದು ಯಾವುದಾದರೂ ಹಳೆಯ ಫೋನಿಗೆ ಹಾಕಿ ಒಂದು ನಿಮಿಷದಲ್ಲಿ ಒಟಿಪಿ ಓದಬಹುದು. ಇ-ಸಿಮ್ ಆಗಿದ್ದರೆ ಕಂಪನಿಯಿಂದ ಹೊಸ ಕೋಡ್ ಪಡೆಯಬೇಕು, ಅದಕ್ಕೆ ಗುರುತು ಸಾಬೀತು ಮಾಡಬೇಕು, ಅದಕ್ಕೆ ಬೇಕಾಗುವುದು ಬಹುತೇಕ ಅದೇ ನಂಬರಿಗೆ ಬರುವ ಒಟಿಪಿ. ಆ ಸುಳಿಯಲ್ಲಿ ನಾನು ಒಮ್ಮೆ ಸಿಕ್ಕಿದ್ದು ಸಾಕು. ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ 14ನೇ ಸರಣಿಯಿಂದ ಸಿಮ್ ತಟ್ಟೆಯೇ ಇಲ್ಲ. ಅಂಥ ಫೋನ್ ಇರುವವರು ಒಟಿಪಿಯ ಬದಲಿಗೆ ಬೇರೆ ದಾರಿಗಳನ್ನು ಇನ್ನಷ್ಟು ಗಟ್ಟಿ ಮಾಡಿಕೊಳ್ಳಬೇಕು.

ಎಷ್ಟು ಡೇಟಾ ಬೇಕು? ಸಂದೇಶ, ನಕಾಶೆ, ಸ್ವಲ್ಪ ಹುಡುಕಾಟ ಇಷ್ಟೇ ಆದರೆ ದಿನಕ್ಕೆ ಅರ್ಧ ಜಿಬಿ ಧಾರಾಳ. ಆ್ಯಪ್ ಮೂಲಕ ಮಾತಾಡುವ ಕರೆ ನಿಮಿಷಕ್ಕೆ ಹೆಚ್ಚುಕಮ್ಮಿ 1 ಎಂಬಿಯ ಒಳಗೇ ಇರುತ್ತದೆ. ವಿಡಿಯೊ ಕರೆ ಅದರ ಹಲವು ಪಟ್ಟು. ಸಿನಿಮಾ ನೋಡಲು ಕುಳಿತರೆ ಗಂಟೆಗೆ 1ರಿಂದ 3 ಜಿಬಿ ಕರಗುತ್ತದೆ, ಅದನ್ನು ಹೋಟೆಲಿನ ವೈಫೈಗೆ ಬಿಡಿ.

ಹೆಜ್ಜೆ 4: ಎರಡು ಸಿಮ್‌ಗಳ ಸೆಟ್ಟಿಂಗ್

ಇ-ಸಿಮ್ ಅನ್ನು ಮನೆಯ ವೈಫೈನಲ್ಲಿ, ಹೊರಡುವ ಹಿಂದಿನ ದಿನ ಇಳಿಸಿಕೊಳ್ಳಿ. ಅವಧಿ ಇಳಿಸಿದ ದಿನದಿಂದ ಶುರುವೋ ಅಲ್ಲಿನ ನೆಟ್‌ವರ್ಕ್ ಹಿಡಿದಾಗಿನಿಂದ ಶುರುವೋ ಎಂದು ಮಾತ್ರ ಮೊದಲು ಓದಿ. ಹೆಚ್ಚಿನ ಕೋಡುಗಳನ್ನು ಒಂದೇ ಸಲ ಬಳಸಬಹುದು, ಹಾಗಾಗಿ ಇಳಿದ ಇ-ಸಿಮ್ ಅನ್ನು 'ಸರಿಯಾಗಲಿಲ್ಲ' ಎಂದು ಅವಸರದಲ್ಲಿ ಅಳಿಸಬೇಡಿ. ಊರಿನಲ್ಲಿ ಅದಕ್ಕೆ ಸಿಗ್ನಲ್ ಬರದಿರುವುದು ಸಹಜ.

ಎರಡೂ ಸಿಮ್‌ಗೆ ಹೆಸರು ಕೊಡಿ, 'ಮನೆ' ಮತ್ತು 'ಪ್ರವಾಸ' ಎಂದರೆ ಸಾಕು. ನಂತರ ಈ ಕ್ರಮದಲ್ಲಿ ಹೋಗಿ:

– ಕರೆ ಮತ್ತು ಸಂದೇಶಕ್ಕೆ 'ಮನೆ', ಮೊಬೈಲ್ ಡೇಟಾಗೆ 'ಪ್ರವಾಸ'.
– 'ಮನೆ' ಸಿಮ್‌ನ ಡೇಟಾ ರೋಮಿಂಗ್ ಆಫ್. ಇದು ಆಫ್ ಇದ್ದರೂ ಒಟಿಪಿ ಬರುತ್ತದೆ, ಎಸ್ಸೆಮ್ಮೆಸ್‌ಗೂ ಈ ಗುಂಡಿಗೂ ಸಂಬಂಧವಿಲ್ಲ.
– 'ಪ್ರವಾಸ' ಸಿಮ್‌ನ ಡೇಟಾ ರೋಮಿಂಗ್ ಆನ್. ಹಲವರು ಹೆದರಿ ಇದನ್ನೂ ಆಫ್ ಮಾಡಿ, ಇಂಟರ್ನೆಟ್ ಬರುತ್ತಿಲ್ಲ ಎಂದು ಪರದಾಡುತ್ತಾರೆ. ಪ್ರವಾಸಿ ಇ-ಸಿಮ್ ಬಹುತೇಕ ಬೇರೆ ದೇಶದ ಕಂಪನಿಯದೇ ಆಗಿರುವುದರಿಂದ ಅದಕ್ಕೂ ಆ ನೆಲ ರೋಮಿಂಗೇ. ಕೆಲವು ಜಾಲತಾಣಗಳು ಇದ್ದಕ್ಕಿದ್ದಂತೆ ಮೂರನೆಯ ದೇಶದ ಭಾಷೆಯಲ್ಲಿ ತೆರೆದುಕೊಳ್ಳುವುದೂ ಇದರಿಂದಲೇ, ಗಾಬರಿ ಬೇಡ.
– ಒಂದು ಸಿಮ್‌ನ ಸಿಗ್ನಲ್ ಕುಂದಿದಾಗ ಇನ್ನೊಂದರ ಡೇಟಾ ತಾನಾಗಿ ಬಳಸುವ ಸೌಲಭ್ಯ ಆಫ್. ವೈಫೈ ದುರ್ಬಲವಾದಾಗ ಮೊಬೈಲ್ ಡೇಟಾಗೆ ಜಿಗಿಯುವ ಸೌಲಭ್ಯವೂ ಆಫ್.
– ಫೋಟೋಗಳ ಬ್ಯಾಕಪ್ ಮತ್ತು ಆ್ಯಪ್‌ಗಳ ಅಪ್‌ಡೇಟ್ ವೈಫೈನಲ್ಲಿ ಮಾತ್ರ.

ಫೋನ್ ಯಾವುದೇ ಆಗಲಿ, ಎರಡನೆಯ ಮತ್ತು ನಾಲ್ಕನೆಯ ಸಾಲನ್ನು ಎರಡು ಸಲ ನೋಡಿ. ಅನಿರೀಕ್ಷಿತವಾಗಿ ಹಣ ಸೋರುವ ಬಿರುಕುಗಳು ಇವೆರಡೇ. ಒಂದೇ ಸಿಮ್ ಹಿಡಿಯುವ ಫೋನ್ ಇರುವವರು ಹಳೆಯ ಫೋನೊಂದನ್ನು ಜೊತೆಗೆ ಒಯ್ಯಿರಿ. ಹಳೆಯದರಲ್ಲಿ ಸ್ಥಳೀಯ ಸಿಮ್ ಹಾಕಿ ಹಾಟ್‌ಸ್ಪಾಟ್ ಮಾಡಿಕೊಂಡರೆ ಮನೆಯ ಸಿಮ್ ತನ್ನ ಜಾಗ ಬಿಡಬೇಕಾಗಿಲ್ಲ.

ವಾಟ್ಸ್‌ಆ್ಯಪ್ ಹೊಸ ಸಿಮ್ ಕಂಡು 'ನಂಬರ್ ಬದಲಿಸಬೇಕೇ?' ಎಂದು ಕೇಳಿದರೆ ಬೇಡ ಎನ್ನಿ. ಹಳೆಯ ನಂಬರಿನ ಖಾತೆಯೇ ಯಾವ ಡೇಟಾದಲ್ಲಾದರೂ ನಡೆಯುತ್ತದೆ.

ಹೆಜ್ಜೆ 5: ಹೊರಡುವ ಹಿಂದಿನ ರಾತ್ರಿ

ಹೋಗುವ ಊರಿನ ಆಫ್‌ಲೈನ್ ನಕಾಶೆ ಇಳಿಸಿಕೊಳ್ಳಿ. ಜಿಪಿಎಸ್‌ಗೆ ಇಂಟರ್ನೆಟ್ ಬೇಡ, ಫೋನ್ ಉಪಗ್ರಹಗಳ ಸಂಕೇತ ಕೇಳಿಸಿಕೊಂಡು ಜಾಗ ಗುರುತಿಸುತ್ತದೆ. ನಕಾಶೆ ಒಳಗಿದ್ದರೆ ಸಿಗ್ನಲ್ ಇಲ್ಲದ ಬೀದಿಯಲ್ಲೂ ದಾರಿ ಕಾಣುತ್ತದೆ. ಅನುವಾದದ ಆ್ಯಪ್‌ನಲ್ಲಿ ಆ ದೇಶದ ಭಾಷೆಯನ್ನೂ ಇಳಿಸಿಡಿ. ಟಿಕೆಟ್, ವೀಸಾ, ಹೋಟೆಲ್ ಕಾಗದಗಳನ್ನು ಇಮೇಲ್‌ನಲ್ಲಿ ಬಿಟ್ಟರೆ ಸಾಲದು, ಫೋನಿನಲ್ಲೇ ಉಳಿಸಿ.

ಕಾಂಟ್ಯಾಕ್ಟ್ಸ್‌ನಲ್ಲಿರುವ ಮುಖ್ಯ ನಂಬರುಗಳನ್ನು + ಚಿಹ್ನೆ ಮತ್ತು ದೇಶದ ಕೋಡ್ ಜೊತೆ ಬರೆದುಕೊಳ್ಳಿ. ಸೊನ್ನೆಯನ್ನು ಒತ್ತಿ ಹಿಡಿದರೆ + ಬರುತ್ತದೆ. ಹೀಗೆ ಬರೆದ ನಂಬರ್ ಯಾವ ದೇಶದಿಂದಲೂ ಹೋಗುತ್ತದೆ. ಹೆಚ್ಚಿನ ದೇಶಗಳಲ್ಲಿ ದೇಶದ ಕೋಡ್ ಹಾಕಿದಾಗ ನಂಬರಿನ ಮುಂದಿರುವ ಸೊನ್ನೆ ಬಿಡಬೇಕು, ಬ್ರಿಟನ್ ಹಾಗೆ. ಇಟಲಿಯ ಲ್ಯಾಂಡ್‌ಲೈನ್‌ಗೆ ಮಾತ್ರ ಆ ಸೊನ್ನೆ ಇರಲೇಬೇಕು.

ಚಾರ್ಜರ್ ಮೇಲಿನ ಸಣ್ಣ ಅಕ್ಷರ ಓದಿ. 100–240 ವೋಲ್ಟ್ ಎಂದಿದ್ದರೆ ಎಲ್ಲ ಕಡೆ ನಡೆಯುತ್ತದೆ, ಪಿನ್ ಹೊಂದಿಸುವ ಅಡಾಪ್ಟರ್ ಸಾಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಸಾಮಾನ್ಯ ಮಿತಿ 100 ವ್ಯಾಟ್-ಅವರ್, ಅಂದರೆ ಸುಮಾರು 27,000 ಎಂಎಎಚ್.

ಇಷ್ಟಾದ ಮೇಲೆ ಒಂದು ಕಾಗದ ತೆಗೆದುಕೊಳ್ಳಿ. ಮನೆಯವರ ಎರಡು ನಂಬರ್, ಬ್ಯಾಂಕಿನ ಕಾರ್ಡ್ ತಡೆಯುವ ನಂಬರ್, ಮೊಬೈಲ್ ಕಂಪನಿಯನ್ನು ಹೊರದೇಶದಿಂದ ಸಂಪರ್ಕಿಸುವ ನಂಬರ್, ನಿಮ್ಮ ದೇಶದ ರಾಯಭಾರ ಕಚೇರಿಯ ನಂಬರ್, ಫೋನಿನ ಐಎಂಇಐ. ಕೈಯಿಂದ ಬರೆಯಿರಿ. ಮೂರು ನಾಲ್ಕು ಅಂಕಿಯ ಗ್ರಾಹಕ ಸೇವೆ ನಂಬರುಗಳು ಬೇರೆಯವರ ಫೋನಿನಿಂದ ಹೋಗುವುದಿಲ್ಲ, ಅದಕ್ಕೇ + ಇರುವ ಪೂರ್ತಿ ನಂಬರೇ ಬೇಕು.

ಹೆಜ್ಜೆ 6: ಇಳಿದ ಮೇಲೆ

ಏರ್‌ಪ್ಲೇನ್ ಮೋಡ್ ತೆಗೆದು ಐದು ನಿಮಿಷ ಕಾಯಿರಿ. ಮೊದಲ ಸಲ ಫೋನ್ ಎಲ್ಲ ಬ್ಯಾಂಡುಗಳನ್ನೂ ಜಾಲಾಡುತ್ತದೆ, ಸಮಯ ಹಿಡಿಯುತ್ತದೆ. ಆಮೇಲೂ ಬರದಿದ್ದರೆ ನೆಟ್‌ವರ್ಕ್ ಆಯ್ಕೆಯನ್ನು 'ಆಟೋಮ್ಯಾಟಿಕ್'ನಿಂದ ಕೈಯಾರೆ ಆರಿಸುವುದಕ್ಕೆ ಬದಲಿಸಿ, ಪಟ್ಟಿಯಲ್ಲಿ ಬಂದ ಕಂಪನಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಸಿಗ್ನಲ್ ಗೆರೆಗಳಿವೆ, ಇಂಟರ್ನೆಟ್ ಮಾತ್ರ ಇಲ್ಲ ಎಂದಾದರೆ ತಪ್ಪು ಹೆಚ್ಚಾಗಿ ಎಪಿಎನ್‌ನದು, ಅಂದರೆ ಫೋನ್ ಯಾವ ಬಾಗಿಲಿನಿಂದ ಇಂಟರ್ನೆಟ್‌ಗೆ ಹೋಗಬೇಕೆಂದು ಹೇಳುವ ಸೆಟ್ಟಿಂಗ್‌ನದು. ಇ-ಸಿಮ್ ಕಳಿಸಿದವರ ಸಂದೇಶದಲ್ಲಿ ಆ ಪದ ಇರುತ್ತದೆ, ಅಕ್ಷರ ತಪ್ಪದೆ ತುಂಬಿ ಫೋನ್ ಒಮ್ಮೆ ಆರಿಸಿ ಹಚ್ಚಿ.

ವಿಮಾನ ನಿಲ್ದಾಣದ ವೈಫೈ ಬಿಟ್ಟು ಹೊರಗೆ ಕಾಲಿಡುವ ಮುಂಚೆ ಎರಡು ಪರೀಕ್ಷೆ ಮಾಡಿ. ವೈಫೈ ಆರಿಸಿ ನಕಾಶೆ ತೆರೆಯಿರಿ. ಮನೆಯಲ್ಲಿರುವ ಒಬ್ಬರಿಂದ ಎಸ್ಸೆಮ್ಮೆಸ್ ಕಳಿಸಿಕೊಳ್ಳಿ, ವಾಟ್ಸ್‌ಆ್ಯಪ್ ಅಲ್ಲ, ಎಸ್ಸೆಮ್ಮೆಸ್ಸೇ. ಅದು ಬಂದರೆ ಒಟಿಪಿಯೂ ಬರುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬಹುದು. ಮನೆಯವರಿಗೆ ಮಾಮೂಲಿ ಕರೆ ಮಾಡಬೇಡಿರೆಂದು ಹೇಳಿ. ರೋಮಿಂಗ್‌ನಲ್ಲಿ ಬರುವ ಕರೆಗೆ ನೀವೇ ಹಣ ಕೊಡಬೇಕಾಗುತ್ತದೆ, ಪ್ಯಾಕ್ ಇಲ್ಲದಿದ್ದರೆ ದರ ಹೆಚ್ಚು. ಆ್ಯಪ್ ಮೂಲಕ ಮಾತಾಡುವುದು ಸರಿ, ಆದರೆ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ವಾಟ್ಸ್‌ಆ್ಯಪ್ ಕರೆಗೆ ತಡೆ ಇದೆ, ಸಂದೇಶವಷ್ಟೇ ಹೋಗುತ್ತದೆ. ಅಲ್ಲಿಗೆ ಹೋಗುವವರು ಕರೆಗೂ ಸೇರಿಸಿ ಪ್ಯಾಕ್ ಕೊಳ್ಳುವುದು ವಾಸಿ.

ತುರ್ತು ಕರೆಗೆ ಐರೋಪ್ಯ ಒಕ್ಕೂಟದಲ್ಲೆಲ್ಲ 112. ಅಮೆರಿಕದಲ್ಲಿ 911, ಆಸ್ಟ್ರೇಲಿಯಾದಲ್ಲಿ 000, ಬ್ರಿಟನ್‌ನಲ್ಲಿ 999 ಮತ್ತು 112. ಜಪಾನಿನಲ್ಲಿ ಪೊಲೀಸರಿಗೆ 110, ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 119. ಮೊಬೈಲಿನಿಂದ 112 ಒತ್ತಿದರೆ ಬಹಳಷ್ಟು ದೇಶಗಳಲ್ಲಿ ಅಲ್ಲಿನ ತುರ್ತು ಸೇವೆಗೇ ಹೋಗುತ್ತದೆ. ಸಿಮ್ ಇಲ್ಲದ ಫೋನಿನಿಂದಲೂ ಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಜರ್ಮನಿ, ಬ್ರಿಟನ್‌ನಂಥ ಕಡೆ ಹೋಗುವುದಿಲ್ಲ. ಮನೆಯ ಸಿಮ್ ಫೋನಿನಲ್ಲೇ ಇರಲಿ ಎನ್ನಲು ಇದೂ ಒಂದು ಕಾರಣ.

ಹಡಗು, ವಿಮಾನ, ಗಡಿ

ಪ್ರಯಾಣಿಕರ ಹಡಗು ದಡ ಬಿಟ್ಟ ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಹೊಸ ನೆಟ್‌ವರ್ಕಿನ ಹೆಸರು ಮೂಡುತ್ತದೆ. ಅದು ಯಾವ ದೇಶದ್ದೂ ಅಲ್ಲ, ಹಡಗಿನಲ್ಲೇ ಇರುವ ಪುಟ್ಟ ಟವರ್, ಉಪಗ್ರಹದ ಮೂಲಕ ನಡೆಯುವಂಥದ್ದು. ಮಾಮೂಲಿ ರೋಮಿಂಗ್ ಪ್ಯಾಕ್‌ಗಳು ಬಹುತೇಕ ಅದಕ್ಕೆ ಅನ್ವಯಿಸುವುದಿಲ್ಲ, ದರ ನೆಲದ ದರದ ಎಷ್ಟೋ ಪಟ್ಟು. ಯುರೋಪಿನ ರೋಮಿಂಗ್ ನಿಯಮವೂ ಅಲ್ಲಿ ನೆರವಿಗೆ ಬಾರದು. ಕೆಲವು ವಿಮಾನಗಳಲ್ಲೂ ಇಂಥದೇ ಟವರ್ ಇರುತ್ತದೆ. ಎರಡೂ ಕಡೆ ಏರ್‌ಪ್ಲೇನ್ ಮೋಡ್ ಹಾಕಿ, ಬೇಕಿದ್ದರೆ ವೈಫೈ ಮಾತ್ರ ಹಚ್ಚಿಕೊಳ್ಳಿ.

ಗಡಿಯ ಊರುಗಳಲ್ಲಿ ಫೋನ್ ಆಚೆ ದೇಶದ ಟವರನ್ನು ಹಿಡಿಯಬಹುದು, ನೀವು ಗಡಿ ದಾಟಿರಬೇಕೆಂದೇನಿಲ್ಲ. ಫ್ರಾನ್ಸಿನ ಕಡೆಯ ಕೆರೆದಂಡೆಯಲ್ಲಿ ಕೂತವರ ಫೋನ್ ಸ್ವಿಟ್ಜರ್‌ಲ್ಯಾಂಡಿನ ಟವರಿಗೆ ಹೋದರೆ ದರವೂ ಸ್ವಿಟ್ಜರ್‌ಲ್ಯಾಂಡಿನದೇ. ಅಂಥ ದಿನಗಳಲ್ಲಿ ನೆಟ್‌ವರ್ಕನ್ನು ಕೈಯಾರೆ ಆರಿಸಿಟ್ಟುಕೊಳ್ಳಿ.

ಫೋನ್ ಕಳೆದರೆ

ಮೊದಲ ಕರೆ ಮೊಬೈಲ್ ಕಂಪನಿಗೆ, ಸಿಮ್ ತಡೆಯಲು. ಎರಡನೆಯದು ಬ್ಯಾಂಕಿಗೆ. ಆ ಕಾಗದ ಈಗ ಕೆಲಸಕ್ಕೆ ಬರುತ್ತದೆ. ಬೇರೆಯವರ ಫೋನಿನಿಂದ ಆ್ಯಪಲ್‌ನ 'ಫೈಂಡ್ ಮೈ' ಅಥವಾ ಗೂಗಲ್‌ನ ಫೋನ್ ಹುಡುಕುವ ಪುಟಕ್ಕೆ ಹೋಗಿ ಫೋನನ್ನು ಲಾಕ್ ಮಾಡಿ. ಅಳಿಸುವ ಆದೇಶ ಕೊಡುವ ಮುನ್ನ ಒಂದು ಗಂಟೆ ಕಾಯುವುದು ಒಳ್ಳೆಯದು, ಟ್ಯಾಕ್ಸಿಯಲ್ಲೋ ಕುರ್ಚಿಯ ಸಂದಿಯಲ್ಲೋ ಬಿದ್ದಿರಬಹುದು. ಪೊಲೀಸ್ ದೂರಿನಲ್ಲಿ ಐಎಂಇಐ ಬರೆಸಿ, ವಿಮೆಗೆ ಆ ದೂರಿನ ಪ್ರತಿ ಬೇಕಾಗುತ್ತದೆ. ಪ್ರವಾಸದಲ್ಲಿ ಜೊತೆಗಿರುವವರ ಫೋನಿನಲ್ಲಿ ನಿಮ್ಮ ಟಿಕೆಟ್ ಮತ್ತು ಪಾಸ್‌ಪೋರ್ಟಿನ ಚಿತ್ರಗಳನ್ನು ಮೊದಲೇ ಇಟ್ಟಿದ್ದರೆ ಆ ದಿನ ಮುಂದಕ್ಕೆ ಸಾಗುತ್ತದೆ.

ಮರಳಿದ ಮೇಲೆ

ಡೇಟಾಗೆ ಮತ್ತೆ 'ಮನೆ' ಸಿಮ್ ಆರಿಸಿ. ನೆಟ್‌ವರ್ಕ್ ಆಯ್ಕೆಯನ್ನು ಆಟೋಮ್ಯಾಟಿಕ್‌ಗೆ ತನ್ನಿ, ಇಲ್ಲದಿದ್ದರೆ ಫೋನ್ ಊರಿನಲ್ಲೂ ಆ ದೇಶದ ಕಂಪನಿಯನ್ನೇ ಹುಡುಕುತ್ತಾ ಕೂರುತ್ತದೆ. ಬೇಡವೆಂದಾದರೆ ರದ್ದು ಮಾಡಿದ್ದ ವಾಯ್ಸ್‌ಮೇಲ್ ಫಾರ್ವರ್ಡ್ ಹಾಗೇ ಇರಲಿ, ಬೇಕಿದ್ದರೆ ಮತ್ತೆ ಹಾಕಿಕೊಳ್ಳಿ. ತಾನಾಗಿ ನವೀಕರಣವಾಗುವ ರೋಮಿಂಗ್ ಪ್ಯಾಕ್ ಇದ್ದರೆ ನಿಲ್ಲಿಸಿ. ಪೋಸ್ಟ್‌ಪೇಯ್ಡ್‌ನವರು ಮುಂದಿನ ಎರಡು ಬಿಲ್ ಗಮನವಿಟ್ಟು ನೋಡಿ, ಹೊರದೇಶದ ಕಂಪನಿಗಳ ಲೆಕ್ಕ ತಡವಾಗಿ ಬಂದು ಸೇರುವುದುಂಟು. ಅವಧಿ ಮುಗಿದ ಪ್ರವಾಸಿ ಇ-ಸಿಮ್ ಅನ್ನು ಅಳಿಸುವ ಮುಂಚೆ ಅದನ್ನು ಮತ್ತೆ ರೀಚಾರ್ಜ್ ಮಾಡಬಹುದೇ ಎಂದು ನೋಡಿ. ಮಾಡಬಹುದಾದರೆ ಆಫ್ ಮಾಡಿ ಹಾಗೇ ಇಟ್ಟುಕೊಳ್ಳಿ, ಮುಂದಿನ ಸಲ ಕೋಡ್ ಸ್ಕ್ಯಾನ್ ಮಾಡುವ ಕೆಲಸವೊಂದು ಉಳಿಯುತ್ತದೆ.